ದ್ವಿಭಾಷಿಕತೆ: ಒಬ್ಬರೇ ಎರಡು ಸಲ ಎಣಿಕೆಗೆ ಸಿಕ್ಕಾಗ

ಜಗತ್ತಿನ ದೊಡ್ಡ ಭಾಷೆಗಳ ಪಟ್ಟಿ ಆಗಾಗ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷ್ ಬಲ್ಲವರು ಸುಮಾರು 150 ಕೋಟಿ, ಮ್ಯಾಂಡರಿನ್ ಚೀನಿ ಬಲ್ಲವರು 110 ಕೋಟಿಗೂ ಜಾಸ್ತಿ, ಹಿಂದಿ ಬಲ್ಲವರು 60 ಕೋಟಿ ಆಸುಪಾಸು. ಹೀಗೇ ಎಲ್ಲ ಭಾಷೆಗಳ ಲೆಕ್ಕವನ್ನೂ ಕೂಡಿಬಿಟ್ಟರೆ? ಭೂಮಿಯ ಮೇಲೆ ಇರುವವರಿಗಿಂತ ಹೆಚ್ಚು ಜನ ಸಿಗುತ್ತಾರೆ! ಯಾರೂ ಸುಳ್ಳು ಹೇಳಿಲ್ಲ. ಒಬ್ಬರೇ ಎರಡು ಮೂರು ಕಡೆ ಎಣಿಕೆಗೆ ಸಿಕ್ಕಿದ್ದಾರೆ, ಅಷ್ಟೇ. ಇದಕ್ಕೆ ಕಾರಣವೇ ದ್ವಿಭಾಷಿಕತೆ.

ಪದದ ಅರ್ಥ ಸರಳ. ಎರಡು ಭಾಷೆಗಳನ್ನು ಬಳಸುತ್ತಾ ಬದುಕುವುದು. ಹಾಗೆ ಬದುಕುವವರು ದ್ವಿಭಾಷಿಕರು. ಕೇಳಲು ಹತ್ತಿರವಿರುವ ‘ದುಭಾಷಿ’ಯನ್ನು ಇದರ ಜತೆ ಬೆರೆಸಬೇಡಿ. ದುಭಾಷಿ ಎಂದರೆ ಇಬ್ಬರ ನಡುವೆ ನಿಂತು ಮಾತು ದಾಟಿಸುವವರು, ಅದು ಕೆಲಸದ ಹೆಸರು.

ಎಷ್ಟು ಬಂದರೆ ‘ಬರುತ್ತದೆ’ ಅನ್ನಬಹುದು? ಇಲ್ಲೇ ಜಗಳ. 1933ರಲ್ಲಿ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ ಎರಡೂ ಭಾಷೆ ತಾಯ್ನುಡಿಯಷ್ಟೇ ಸಲೀಸಾಗಿರಬೇಕು ಎಂದರು. 1953ರಲ್ಲಿ ವೈನ್‌ರೈಕ್, ಎರಡನ್ನೂ ಬದಲಿಸಿ ಬದಲಿಸಿ ಬಳಸುವ ರೂಢಿ ಇದ್ದರೆ ಸಾಕು ಎಂದರು. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮನೆಯಲ್ಲಿ ಒಂದು, ಕೆಲಸದಲ್ಲಿ ಇನ್ನೊಂದು ಭಾಷೆ ಆಡುವವರಿಗೆ ಎರಡೂ ಒಂದೇ ಮಟ್ಟದಲ್ಲಿ ಯಾಕಿರಬೇಕು?

ಈಗ ಲೆಕ್ಕಕ್ಕೆ ಬರೋಣ. ಇಂಗ್ಲಿಷ್, ಹಿಂದಿ ಎರಡರಲ್ಲಿ ಒಂದಾದರೂ ಬಲ್ಲವರು ಎಷ್ಟು? ಸುಮ್ನೆ 150ಕ್ಕೆ 60 ಸೇರಿಸಿ 210 ಕೋಟಿ ಅನ್ನುವ ಹಾಗಿಲ್ಲ. ಎರಡನ್ನೂ ಬಲ್ಲವರನ್ನು ಒಂದು ಸಲ ಕಳೆಯಬೇಕು. ಶಾಲೆಯಲ್ಲಿ ಎರಡು ವೃತ್ತ ಬರೆದು ನಡುವಿನ ಭಾಗಕ್ಕೆ ಗೆರೆ ಎಳೆದದ್ದು ನೆನಪಿದೆ ಅಲ್ವಾ, ಗಣಗಳ ಛೇದನ ಅಂತ? ಅದೇ ಇದು.

ಮಜಾ ಏನೆಂದರೆ, ಆ ನಡುವಿನ ಭಾಗ ಎರಡೂ ಕಡೆಯಿಂದ ಒಂದೇ ಥರ ಕಾಣುವುದಿಲ್ಲ. 2021ರ ಜನಗಣತಿಯ ಪ್ರಕಾರ ಬ್ರಿಟನ್ನಿನ ಭಾಗವಾದ ವೇಲ್ಸ್‌ನಲ್ಲಿ ಅಲ್ಲಿನ ಭಾಷೆ ವೆಲ್ಶ್ ಬಲ್ಲವರು ಸುಮಾರು 5.38 ಲಕ್ಷ. ಅವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ವೆಲ್ಶ್‌ನ ವೃತ್ತ ಬಹುತೇಕ ಪೂರ್ತಿ ಇಂಗ್ಲಿಷಿನ ವೃತ್ತದೊಳಗೇ ಕೂತಿದೆ. ಇಂಗ್ಲಿಷಿನ ಕಡೆಯಿಂದ ನೋಡಿದರೆ ಅದೊಂದು ಚುಕ್ಕಿ. ಇಂಗ್ಲಿಷ್ ಬಲ್ಲವರು ವೆಲ್ಶ್ ಕಲಿತರೆ ಹೊಸದಾಗಿ ಮಾತಿಗೆ ಸಿಗುವವರು ತೀರಾ ಕಡಿಮೆ. (ಅದಕ್ಕೇ ಕಲಿಯಬೇಡಿ ಅಂತಲ್ಲ. ಇನ್ನೊಬ್ಬರ ಮನೆಮಾತಿನಲ್ಲೇ ಅವರನ್ನು ಮಾತಾಡಿಸುವ ಖುಷಿ ಈ ಲೆಕ್ಕಕ್ಕೆ ಸಿಗುವಂಥದ್ದಲ್ಲ.)

ಇಂಡೊನೇಷ್ಯನ್ ಭಾಷೆಯದು ಇನ್ನೊಂದು ಬಗೆ. ಅದನ್ನು ಬಲ್ಲ 20 ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಗೆ ಅದು ಎರಡನೇ ಭಾಷೆ. ಮೊದಲು ಕಲಿತದ್ದು ಜಾವಾನೀಸ್, ಸುಂಡಾನೀಸ್ ಅಥವಾ ಮತ್ತೊಂದು. ಇಂಗ್ಲಿಷ್ ಕೂಡ ಹೀಗೇ: 150 ಕೋಟಿಯಲ್ಲಿ ತಾಯ್ನುಡಿಯಾಗಿ ಆಡುವವರು 40 ಕೋಟಿಯ ಒಳಗೆ.

ಎಣಿಸುವ ರೀತಿಯೂ ಆಟ ಆಡಿಸುತ್ತದೆ. ‘ನಿಮ್ಮ ಭಾಷೆ ಯಾವುದು’ ಎಂದು ಕೇಳಿ ಒಂದೇ ಒಂದು ಉತ್ತರ ಬರೆದುಕೊಂಡರೆ, ಅಪ್ಪನದೊಂದು ಅಮ್ಮನದೊಂದು ಭಾಷೆ ಆಡಿ ಬೆಳೆದವರು ಒಂದನ್ನು ಬಿಡಲೇಬೇಕು. ಸ್ವಿಟ್ಜರ್‌ಲೆಂಡ್ 2010ರಿಂದ ಮೂರು ಮುಖ್ಯ ಭಾಷೆಗಳವರೆಗೆ ಹೇಳಲು ಬಿಟ್ಟಿದೆ. ಅಲ್ಲಿನ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಮತ್ತು ಉಳಿದ ಭಾಷೆಗಳ ಶೇಕಡಾವಾರು ಕೂಡಿದರೆ ಈಗ ನೂರನ್ನು ದಾಟುತ್ತದೆ.