ಸೋಮವಾರದ ಸಾಲ, ಬುಧವಾರದ ವಸೂಲಿ

ತಿಂಗಳುಗಟ್ಟಲೆ ಕಾಯಿಲೆಯ ರಜೆಯ ನಂತರ ಕೆಲಸಕ್ಕೆ ಮರಳಿದ ಮೊದಲ ಸೋಮವಾರ ಎಷ್ಟೋ ಸಲ ಚೆನ್ನಾಗಿಯೇ ಕಳೆಯುತ್ತದೆ. ಹಿಂದಿನ ರಾತ್ರಿಯೇ ಬಟ್ಟೆ ಇಸ್ತ್ರಿ ಆಗಿರುತ್ತದೆ. ಮಾತ್ರೆ ಬ್ಯಾಗಿನ ಮುಂದಿನ ಜೇಬಿನಲ್ಲಿರುತ್ತದೆ. “ಏನ್ರೀ, ನೋಡೋಕೆ ಆರಾಮಾಗೇ ಇದೀರಲ್ಲ” ಅನ್ನುತ್ತಾರೆ ಜೊತೆಯವರು. ನೀವೂ ಹೌದೆನ್ನುತ್ತೀರಿ. ಆ ಹೊತ್ತಿಗೆ ಅದು ನಿಜವೇ. ಎಂಟು ಗಂಟೆ ಕೂತು ಕೆಲಸ ಮುಗಿಸಿ ಮನೆಗೆ ಬಂದಾಗ, ಇಷ್ಟೇನಾ, ಸುಮ್ನೆ ಹೆದರಿದ್ದೆನಲ್ಲ ಅನಿಸುತ್ತದೆ. ಮಂಗಳವಾರ ಸ್ವಲ್ಪ ಮಂಕು. ಬುಧವಾರ ಬೆಳಿಗ್ಗೆ ಬ್ರಷ್ ಹಿಡಿದ ಕೈ ಬಾಯಿಯವರೆಗೆ ಏರುವುದಿಲ್ಲ. ಮೊಣಕೈಯನ್ನು ಸಿಂಕಿನ ಅಂಚಿಗೆ ಊರಿ, ತಲೆಯನ್ನೇ ಬ್ರಷ್ಷಿನ ಕಡೆಗೆ ಬಗ್ಗಿಸಿ ಹಲ್ಲುಜ್ಜಬೇಕು.

ಬುಧವಾರ ನೀವು ಮಾಡಿದ ತಪ್ಪೇನೂ ಇಲ್ಲ. ಸೋಮವಾರ ತೆಗೆದುಕೊಂಡ ಸಾಲದ ವಸೂಲಿ ಅದು. ತೀರದ ನೋವು, ಸುಸ್ತು ಇಟ್ಟುಕೊಂಡು ಫುಲ್ ಟೈಮ್ ಕೆಲಸಕ್ಕೆ ಮರಳುವುದು ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಈ ತಡವಾಗಿ ಬರುವ ಬಿಲ್ಲಿನಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಬಿಸಿ ಪಾತ್ರೆ ಮುಟ್ಟಿದರೆ ಕೂಡಲೇ ಸುಡುತ್ತದೆ, ಹಾಗಾಗಿ ಬೇಗ ಕಲಿಯುತ್ತೇವೆ. ಮುಟ್ಟಿದ ಎರಡು ದಿನದ ಮೇಲೆ ಸುಟ್ಟರೆ ಯಾವ ಪಾತ್ರೆ ಅಂತ ಹೇಗೆ ಗೊತ್ತಾಗಬೇಕು?

ನೋವೆಂದರೆ ಎಲ್ಲೋ ಏಟು ಬಿದ್ದಿದೆ ಎಂಬ ಸುದ್ದಿ ಅಂತ ನಾವೆಲ್ಲ ತಿಳಿದಿರುತ್ತೇವೆ. ಬೆರಳು ಕುಯ್ದುಕೊಂಡಾಗ ಅದು ಸರಿಯೇ. ಆದರೆ 3 ತಿಂಗಳು ದಾಟಿಯೂ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವಿಗೆ ವೈದ್ಯರು ಬೇರೆಯೇ ಲೆಕ್ಕ ಇಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಆದ ಜಾಗ ಸಿಕ್ಕಿದೆ. ಇಂಥ ನೋವು ಕೆಲವೊಮ್ಮೆ ಇನ್ನೊಂದು ಕಾಯಿಲೆಯ ಲಕ್ಷಣ, ಕೆಲವೊಮ್ಮೆ ತಾನೇ ಒಂದು ಕಾಯಿಲೆ.

ನೋವು ತಾನೇ ಕಾಯಿಲೆಯಾಗುವುದು ಹೇಗೆ? 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೊಂದು ದಾರಿ ತೋರಿಸಿತು. ಪಾದಕ್ಕೆ ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗಿದ್ದವು. ಸಣ್ಣ ಸ್ಪರ್ಶಕ್ಕೂ ಜೋರಾಗಿ ಸ್ಪಂದಿಸುತ್ತಿದ್ದವು. ಗಾಯದ ಜಾಗವನ್ನು ಮರಗಟ್ಟಿಸಿದರೂ ಈ ಅತಿಸೂಕ್ಷ್ಮತೆ ಪೂರ್ತಿ ಹೋಗಲಿಲ್ಲ. ರೇಡಿಯೋದ ವಾಲ್ಯೂಮ್ ತಿರುಗಿಸಿದಂತೆ ಅನ್ನಿ. ಸ್ಟೇಷನ್ನಿನಲ್ಲಿ ಮಾತಾಡುವವರು ಪಿಸುಗುಟ್ಟುತ್ತಿದ್ದಾರೆ, ಮನೆಯಲ್ಲಿ ಮಾತ್ರ ಕಿವಿ ಗಡಚಿಕ್ಕುತ್ತಿದೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯದಂಥ ತೊಂದರೆಗಳಲ್ಲಿ ಈ ವಾಲ್ಯೂಮ್ ಏರಿಕೆಯ ಪಾತ್ರ ದೊಡ್ಡದು ಎಂದು ತಜ್ಞರು ನಂಬುತ್ತಾರೆ. ಸ್ಕ್ಯಾನಿನಲ್ಲಿ ಏನೂ ಕಾಣದಿರುವುದಕ್ಕೂ, ಬ್ಯಾಗಿನ ಪಟ್ಟಿ ಭುಜಕ್ಕೆ ತಾಗಿದರೆ ಜೀವ ಹೋಗುವುದಕ್ಕೂ ಹೀಗೆ ಒಟ್ಟಿಗೇ ಅರ್ಥ ಸಿಗುತ್ತದೆ.

ಸುಸ್ತಿನ ವಿಷಯ ಇನ್ನೂ ವಿಚಿತ್ರ. ಪೆಟ್ರೋಲ್ ಖಾಲಿಯಾದ ಗಾಡಿಯ ಹಾಗೆ ಅಂತ ಹೇಳುವುದು ರೂಢಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ಸರಿಹೋಗುವುದಿಲ್ಲ. ಮಿದುಳಿನ ತೂಕ ದೇಹದ ಸುಮಾರು 2 ಶೇಕಡಾ, ಅದು ಬಳಸುವ ಶಕ್ತಿ ಸುಮಾರು 20 ಶೇಕಡಾ. ನೀವು ಕಷ್ಟದ ಲೆಕ್ಕಪತ್ರ ಬಿಡಿಸುತ್ತಿದ್ದರೂ ಅಷ್ಟೆ, ಕಿಟಕಿಯಾಚೆ ನೋಡುತ್ತ ಕೂತಿದ್ದರೂ ಹೆಚ್ಚುಕಡಿಮೆ ಅಷ್ಟೆ. ಹಾಗಿದ್ದರೆ ಕೂತಲ್ಲೇ ಮಾಡುವ ಕೆಲಸ ಇಷ್ಟು ದಣಿಸುವುದೇಕೆ?

19ನೇ ಶತಮಾನದ ಕೊನೆಯಲ್ಲಿ ಇಟಲಿಯ ಟುರಿನ್‌ನಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರ ವಿಜ್ಞಾನಿ ಎರ್ಗೋಗ್ರಾಫ್ ಎಂಬ ಉಪಕರಣ ಕಟ್ಟಿದ. ಕೈಯನ್ನು ಹಲಗೆಗೆ ಬಿಗಿದು, ಮಧ್ಯದ ಬೆರಳಿಗೆ ದಾರ ಕಟ್ಟಿ, ದಾರದ ತುದಿಗೆ ತೂಕ ನೇತುಹಾಕುವುದು. ಬೆರಳು ಮಡಚಿ ಮಡಚಿ ತೂಕ ಎತ್ತಬೇಕು. ಪ್ರತಿ ಎತ್ತುವಿಕೆಯೂ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ, ದಣಿದಂತೆ ಗೆರೆಗಳು ಗಿಡ್ಡವಾಗುತ್ತ ಹೋಗುತ್ತವೆ. ಗಂಟೆಗಟ್ಟಲೆ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಯ ಬೆರಳನ್ನು ಮೊಸ್ಸೊ ಇದಕ್ಕೆ ಕಟ್ಟಿಸಿದ. ಬೆರಳು ಬೇಗ ಸೋತಿತು. ಆ ಬೆರಳು ಅಂದು ಯಾವ ಭಾರವನ್ನೂ ಎತ್ತಿರಲಿಲ್ಲ, ದುಡಿದದ್ದು ತಲೆ ಮಾತ್ರ.

2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇನ್ನೊಂದು ತುದಿಯಿಂದ ಇದನ್ನೇ ನೋಡಿದರು. ಆರು ಗಂಟೆಗೂ ಜಾಸ್ತಿ ಹೊತ್ತು ತಲೆಗೆ ಕಷ್ಟದ ಕೆಲಸ ಕೊಟ್ಟವರಲ್ಲಿ ಮಿದುಳಿನ ಮುಂಭಾಗದ ಒಂದು ಕಡೆ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಸೇರಿಕೊಂಡಿತ್ತು. ಸುಲಭದ ಕೆಲಸ ಮಾಡಿದವರಲ್ಲಿ ಹಾಗಾಗಿರಲಿಲ್ಲ. ಗ್ಲುಟಮೇಟ್ ಬೇಕಾದದ್ದೇ, ಆದರೆ ರಾಶಿ ಬಿದ್ದರೆ ತೊಂದರೆ. ಅಂದರೆ ಸುಸ್ತಿನಲ್ಲಿ ಸ್ವಲ್ಪ ಪಾಲು ಖಾಲಿ ಟ್ಯಾಂಕಿನದಲ್ಲ, ತುಂಬಿದ ಕಸದ ಬುಟ್ಟಿಯದು ಇರಬಹುದು. ಇದು ಆರೋಗ್ಯವಂತರ ಮೇಲಿನ ಅಧ್ಯಯನ ಎಂಬುದು ನೆನಪಿರಲಿ.

ಕಾಯಿಲೆಯವರ ಸುಸ್ತಿಗೆ ಬೇರೆ ಕೈಗಳೂ ಸೇರುತ್ತವೆ. ಜ್ವರ ಬಂದಾಗ ಮೂಲೆ ಹಿಡಿದು ಮಲಗಬೇಕು, ಯಾರೂ ಮಾತಾಡಿಸಬಾರದು ಅನಿಸುತ್ತದಲ್ಲ, ಅದು ಸೋಂಕಿನ ನೇರ ಕೆಲಸವಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಬಿಡುವ ಸೈಟೊಕೈನ್‌ಗಳು ಮಿದುಳಿಗೆ ಕೊಡುವ ಆದೇಶ. ಸಂಧಿವಾತದಂಥ ಕಾಯಿಲೆಗಳಲ್ಲಿ ಈ ಆದೇಶ ತಿಂಗಳುಗಟ್ಟಲೆ ನಿಲ್ಲದೇ ಇರಬಹುದು. ಇನ್ನು ನಿದ್ದೆ. 1975ರಲ್ಲಿ ಕೆನಡಾದ ಹಾರ್ವಿ ಮಾಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ವಿದ್ಯಾರ್ಥಿಗಳ ಗಾಢ ನಿದ್ದೆಯನ್ನು ಸದ್ದು ಮಾಡಿ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಆ ಹುಡುಗರ ಸ್ನಾಯುಗಳು ನೋಯತೊಡಗಿದವು. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವು ಹೆಚ್ಚಿಸುತ್ತದೆ. ಗಾಣದೆತ್ತಿನ ಸುತ್ತು.

ಈಗ ಆಫೀಸಿಗೆ ಬರೋಣ. ಮಧ್ಯಾಹ್ನ ಮೂರು ಗಂಟೆ. ಒಂದೇ ಇಮೇಲನ್ನು ನಾಲ್ಕನೇ ಸಲ ಓದುತ್ತಿದ್ದೀರಿ. ಪ್ರತಿ ಪದವೂ ಗೊತ್ತು, ವಾಕ್ಯ ಮಾತ್ರ ಕೈಗೆ ಸಿಗುತ್ತಿಲ್ಲ. ನೋವು ಗಮನವನ್ನು ಬೇಡುವುದಿಲ್ಲ, ಕಿತ್ತುಕೊಳ್ಳುತ್ತದೆ, ಅದರ ಹುಟ್ಟೇ ಅದಕ್ಕಾಗಿ. ಅದನ್ನು ಪಕ್ಕಕ್ಕೆ ತಳ್ಳಿ ಸ್ಕ್ರೀನ್ ನೋಡುವುದೇ ಒಂದು ಕೆಲಸ. ಕುರ್ಚಿಯಲ್ಲಿ ಎಡ ಬಲ ಸರಿಯುವುದು, ಮುಖದಲ್ಲಿ ನೋವು ಕಾಣದ ಹಾಗೆ ನೋಡಿಕೊಳ್ಳುವುದು, ಮೀಟಿಂಗಿನಲ್ಲಿ ಸರಿಯಾದ ಹೊತ್ತಿಗೆ ನಗುವುದು, ಇವೂ ಕೆಲಸಗಳೇ. ಸಂಬಳದ ಚೀಟಿಯಲ್ಲಿ ಇವಕ್ಕೆ ಜಾಗವಿಲ್ಲ ಅಷ್ಟೆ. ಅದಕ್ಕೇ ನಾಲ್ಕು ಗಂಟೆ ಆರಾಮಾಗಿ ಮಾಡಿದವರು ಎಂಟು ಗಂಟೆಯನ್ನೂ ಮಾಡಬಲ್ಲರು ಎಂಬ ಲೆಕ್ಕ ತಪ್ಪುತ್ತದೆ. ಐದನೇ ಗಂಟೆ ಮೊದಲನೇ ಗಂಟೆಯಷ್ಟೇ ಬೆಲೆಯದ್ದಲ್ಲ.

“ಸ್ವಲ್ಪ ಓಡಾಡಿದರೆ ಸರಿಹೋಗುತ್ತೆ”, “ಪೂರ್ತಿ ರೆಸ್ಟ್ ತಗೊಳ್ಳಿ”. ಈ ಎರಡು ಸಲಹೆಗಳೂ ಎಲ್ಲರ ಬಾಯಲ್ಲಿ ಸಿದ್ಧ ಇರುತ್ತವೆ. ಯಾವುದು ಸರಿ ಎಂಬುದು ಯಾವ ಕಾಯಿಲೆ ಎಂಬುದರ ಮೇಲೆ ನಿಂತಿದೆ. 1986ರಲ್ಲಿ ಅಮೆರಿಕದ ರಿಚರ್ಡ್ ಡೆಯೊ ತಂಡ ಬೆನ್ನುನೋವಿನ ಸುಮಾರು 200 ಜನರಲ್ಲಿ ಕೆಲವರಿಗೆ 2 ದಿನ, ಉಳಿದವರಿಗೆ 7 ದಿನ ಮಲಗಿರಲು ಹೇಳಿತು. 2 ದಿನದವರು ಕಳೆದುಕೊಂಡ ಕೆಲಸದ ದಿನಗಳು 45 ಶೇಕಡಾ ಕಡಿಮೆ, ಉಳಿದ ವಿಷಯಗಳಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಹಾಸಿಗೆ ಹಿಡಿಯುವುದೇ ಮದ್ದು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಆಗ.

ಇದೇ ಪಾಠವನ್ನು ದೀರ್ಘಕಾಲದ ಆಯಾಸ ರೋಗದವರಿಗೆ ಹೇಳಿದರೆ ಅನಾಹುತ. ಆ ರೋಗದ ಗುರುತೇ ದುಡಿಮೆಯ ನಂತರದ ಕುಸಿತ. ಅದು ಎಷ್ಟೋ ಸಲ 12ರಿಂದ 48 ಗಂಟೆ ತಡವಾಗಿ ಬಂದು ದಿನ, ವಾರಗಟ್ಟಲೆ ಕೂರುತ್ತದೆ. ಪ್ರತಿ ವಾರ ಇಷ್ಟಿಷ್ಟು ಎಂದು ಗೊತ್ತು ಮಾಡಿ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಅವರಿಗೆ ಕೊಡಕೂಡದು ಎಂದು ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಹಾಗಾಗಿ ಕೆಲಸಕ್ಕೆ ಮರಳುವ ಮೊದಲು ವೈದ್ಯರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ “ಯಾವಾಗ ಸೇರಲಿ” ಎಂಬುದಲ್ಲ. “ದುಡಿದ ಮೇಲೆ ನನಗೆ ನೋವಾದರೆ ಅದನ್ನು ಕಡೆಗಣಿಸಬಹುದೋ, ಅಲ್ಲ ಅದು ಎಚ್ಚರಿಕೆಯೋ” ಎಂಬುದು.

ಎರಡೂ ಬಗೆಯವರಿಗೆ ಒಗ್ಗುವ ಒಂದು ಉಪಾಯ ಇದೆ: ನೋವನ್ನು ನೋಡಿ ನಿಲ್ಲುವುದಲ್ಲ, ಗಡಿಯಾರ ನೋಡಿ ನಿಲ್ಲುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಅರ್ಧ ಶತಮಾನದ ಹಿಂದೆಯೇ ಈ ಮಾತನ್ನು ಹಿಡಿದಿದ್ದರು. ಬಹಳ ಜನ ಒಳ್ಳೆಯ ದಿನ ಬಾಕಿ ಕೆಲಸವೆಲ್ಲ ಬಾಚಿಕೊಂಡು ಮಾಡುತ್ತಾರೆ, ಆಮೇಲೆ ಮೂರು ದಿನ ಮಲಗುತ್ತಾರೆ. ಸರಾಸರಿ ತೆಗೆದರೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನವೇ ಜಾಸ್ತಿ ದುಬಾರಿ! ಅದರ ಬದಲು, ಕೂತು ಕೆಲಸ ಮಾಡಲು ಕೆಟ್ಟ ದಿನದಲ್ಲೂ 30 ನಿಮಿಷ ಆಗುತ್ತದೆ ಎಂದಾದರೆ 25ಕ್ಕೆ ಅಲಾರಂ ಇಡಿ. ಎದ್ದು ಎರಡು ಹೆಜ್ಜೆ ನಡೆಯಿರಿ, ಅಥವಾ ಕಣ್ಣು ಮುಚ್ಚಿ ಒರಗಿ.

ದಿನದ ಮಟ್ಟಕ್ಕೆ ಇದು ಆಯಿತು. ವಾರದ ಮಟ್ಟಕ್ಕೆ ಕೆಲವು ದೇಶಗಳು ಕಾನೂನಿನಲ್ಲೇ ಮೆಟ್ಟಿಲು ಕಟ್ಟಿವೆ. ಸ್ವೀಡನ್ನಿನಲ್ಲಿ ಕಾಯಿಲೆಯ ರಜೆಯನ್ನು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಅಳೆದು ಕೊಡುತ್ತಾರೆ. ಫಿನ್‌ಲ್ಯಾಂಡಿನಲ್ಲಿ ಮೈಕೈ ನೋವಿನಿಂದ ಎಂದಿನಂತೆ ಕೆಲಸ ಮಾಡಲಾಗದ 60 ಚಿಲ್ಲರೆ ಜನರ ಮೇಲೆ ಒಂದು ಪ್ರಯೋಗ ನಡೆದು 2012ರಲ್ಲಿ ಪ್ರಕಟವಾಯಿತು. ಪೂರ್ತಿ ರಜೆ ಹಾಕಿದವರಿಗಿಂತ ಅರೆಹೊತ್ತು ಕೆಲಸಕ್ಕೆ ಬರುತ್ತಿದ್ದವರು ಮೊದಲಿನ ಕೆಲಸಕ್ಕೆ ಬೇಗ ಮರಳಿದರು.

ಮೆಟ್ಟಿಲು ಹತ್ತುವಾಗ ನಾನು ಇಷ್ಟು ಹೇಳಬಲ್ಲೆ: ಒಂದು ಸಲಕ್ಕೆ ಒಂದನ್ನೇ ಏರಿಸಿ. ಗಂಟೆ ಹೆಚ್ಚಿಸಿದ ವಾರವೇ ಹೊಸ ಜವಾಬ್ದಾರಿ ಒಪ್ಪಿಕೊಂಡರೆ, ಕುಸಿದಾಗ ಯಾವುದರಿಂದ ಅಂತ ತಿಳಿಯುವುದಿಲ್ಲ. ಮೇಲಧಿಕಾರಿಯ ಹತ್ತಿರ ಕಾಯಿಲೆಯ ಹೆಸರು ವಿವರಿಸುವುದಕ್ಕಿಂತ ಬೇಕಾದ್ದನ್ನು ಸ್ಪಷ್ಟವಾಗಿ ಕೇಳುವುದು ಒಳ್ಳೆಯದು. ಕೆಲವು ಬಗೆಯ ಸಂಧಿವಾತದಲ್ಲಿ ಬೆಳಗಿನ ಬಿಗಿತ ಸಡಿಲಾಗಲು ಒಂದು ಗಂಟೆಗೂ ಜಾಸ್ತಿ ಬೇಕು. ಅಂಥವರಿಗೆ ಹೆಚ್ಚುವರಿ ರಜೆಗಿಂತ ಒಂಬತ್ತರ ಬದಲು ಹನ್ನೊಂದಕ್ಕೆ ಶುರುವಾಗುವ ದಿನ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆಯಿಂದ ಕೆಲಸ ಮಾಡಲು ಒಂದೇ ದಿನ ಸಿಗುವುದಾದರೆ ಬುಧವಾರ ಕೇಳಿ. ಶುಕ್ರವಾರ ಎಲ್ಲರೂ ಕೇಳುತ್ತಾರೆ, ಆದರೆ ಸೋಮವಾರದ ಬಿಲ್ಲು ಅಲ್ಲಿಯವರೆಗೆ ಕಾಯುವುದಿಲ್ಲ.

ಅಲಾರಂ ಬಗ್ಗೆ ಇನ್ನೊಂದು ಮಾತು. ನೋವಿರುವಾಗ ಅದು ಹೊಡೆದರೆ ಯಾರಾದರೂ ಏಳುತ್ತಾರೆ. ಕೆಲಸ ಓಡುತ್ತಿದೆ, ಮೈ ಹಗುರಾಗಿದೆ, ತಿಂಗಳುಗಳ ಮೇಲೆ ಮೊದಲ ಸಲ ನೀವು ನೀವೇ ಅನಿಸುತ್ತಿದೆ, ಇನ್ನೊಂದೇ ಪ್ಯಾರಾ ಬಾಕಿ. ಆಗ ಹೊಡೆಯುತ್ತದಲ್ಲ, ಆ ಅಲಾರಂಗೆ ಏಳುವುದು ಕಷ್ಟ.