ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ ಲೆಕ್ಕ: ಒಂದು ಡಿಗ್ರಿ ತಪ್ಪಿದರೆ ಉತ್ತರ ಎಷ್ಟು ತಪ್ಪುತ್ತದೆ?

ಓದುಗರ ಪ್ರಶ್ನೆ: ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರಿನಲ್ಲಿ (ಕಾಂತವನ್ನು ಹತ್ತಿರ ಇಟ್ಟಾಗ ದಿಕ್ಸೂಚಿಯ ಸೂಜಿ ಎಷ್ಟು ತಿರುಗುತ್ತದೆ ಎಂದು ಅಳೆಯುವ ಸಾಧನ) ದಂಡಕಾಂತದ ಮಧ್ಯಬಿಂದುವಿನಿಂದ ಸೂಜಿಗೆ ಇರುವ ದೂರ 20 ಸೆಂ.ಮೀ., ಸೂಜಿಯ ವಿಚಲನೆ 45 ಡಿಗ್ರಿ. ದೂರದಲ್ಲಿ 1 ಮಿ.ಮೀ., ಕೋನದಲ್ಲಿ 1 ಡಿಗ್ರಿ ದೋಷವಿರಬಹುದು. ಕಾಂತದ ಶಕ್ತಿಯ ಅಳತೆಯಾದ ಮ್ಯಾಗ್ನೆಟಿಕ್ ಮೊಮೆಂಟ್‌ನಲ್ಲಿ ಶೇಕಡಾ ಎಷ್ಟು ದೋಷ ಬರುತ್ತದೆ? ನಾನು ಕೋನದ ದೋಷವನ್ನು 45ರಲ್ಲಿ 1, ಅಂದರೆ ಶೇ. 2.2 ಎಂದು ಹಿಡಿದೆ. ಉತ್ತರ ತಾಳೆಯಾಗಲಿಲ್ಲ.

ಉತ್ತರ: ಈ ತಪ್ಪನ್ನು ಬಹಳ ವಿದ್ಯಾರ್ಥಿಗಳು ಮಾಡುತ್ತಾರೆ. ಸೂತ್ರದಲ್ಲಿ ಇರುವುದು ಕೋನವಲ್ಲ, ಕೋನದ ಟ್ಯಾನ್. ಕಾಂತವನ್ನು ಸೂಜಿಯ ಪೂರ್ವಕ್ಕೋ ಪಶ್ಚಿಮಕ್ಕೋ ಉದ್ದುದ್ದವಾಗಿ ಇಟ್ಟಾಗ, ಅದು ಗಿಡ್ಡ ಕಾಂತವಾಗಿದ್ದರೆ, ಮೊಮೆಂಟ್ ಎಂಬುದು ದೂರದ ಘನ, ವಿಚಲನೆಯ ಟ್ಯಾನ್ ಮತ್ತು ಭೂಕಾಂತಕ್ಷೇತ್ರದ ಕ್ಷಿತಿಜ ಘಟಕ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಕೋನ ಒಂದು ಡಿಗ್ರಿ ಬದಲಾದರೆ ಅದರ ಟ್ಯಾನ್ ಎಷ್ಟು ಬದಲಾಗುತ್ತದೆ ಎಂಬುದು. 45 ಡಿಗ್ರಿಯ ಟ್ಯಾನ್ 1. 46 ಡಿಗ್ರಿಯದು 1.036. ಒಂದೇ ಡಿಗ್ರಿಗೆ ಶೇ. 3.6ರಷ್ಟು ಏರಿತು. 10ರಿಂದ 11 ಡಿಗ್ರಿಗೆ ಹೋದಾಗ ಟ್ಯಾನ್ 0.176ರಿಂದ 0.194ಕ್ಕೆ, ಅಂದರೆ ಶೇ. 10ರಷ್ಟು ಏರುತ್ತದೆ. 80ರಿಂದ 81ಕ್ಕೆ ಹೋದರೆ ಏರಿಕೆ ಶೇ. 11ನ್ನೂ ಮೀರುತ್ತದೆ.

ಕಲನದಿಂದ ಇದನ್ನೇ ಒಂದು ಸಾಲಿನಲ್ಲಿ ಹೇಳಬಹುದು: ಕೋನದ ದೋಷವನ್ನು ರೇಡಿಯನ್‌ಗೆ ತಂದು, ಎರಡರಿಂದ ಗುಣಿಸಿ, ಕೋನದ ಇಮ್ಮಡಿಯ ಸೈನ್‌ನಿಂದ ಭಾಗಿಸಬೇಕು. ಆ ಸೈನ್ ಅತಿ ದೊಡ್ಡದಾಗುವುದು ವಿಚಲನೆ 45 ಡಿಗ್ರಿ ಇದ್ದಾಗ. ಪ್ರಯೋಗಾಲಯದಲ್ಲಿ ವಿಚಲನೆ 30ರಿಂದ 60 ಡಿಗ್ರಿಯೊಳಗೆ ಇರಲಿ ಎಂದು ಹೇಳುವುದಕ್ಕೆ ಕಾರಣ ಇದೇ. ನಿಮ್ಮ ಲೆಕ್ಕದಲ್ಲಿ 1 ಡಿಗ್ರಿ ಎಂದರೆ 0.01745 ರೇಡಿಯನ್, ದೋಷ ಶೇ. 3.5. ದೂರದಲ್ಲಿ 200 ಮಿ.ಮೀ.ಗೆ 1 ಮಿ.ಮೀ. ಎಂದರೆ ಶೇ. 0.5, ಘನ ಇರುವುದರಿಂದ ಅದು ಮೂರು ಪಟ್ಟಾಗಿ ಶೇ. 1.5. ಒಟ್ಟು ಶೇ. 5. ಕ್ಷಿತಿಜ ಘಟಕವನ್ನು ಕರ್ನಾಟಕಕ್ಕೆ ಹತ್ತಿರವಾದ 40 ಮೈಕ್ರೊಟೆಸ್ಲಾ ಎಂದು ಹಿಡಿದರೆ ಮೊಮೆಂಟ್ 1.60 ಆಂಪಿಯರ್ ಚದರ ಮೀಟರ್, ದೋಷ ±0.08.

ಪರೀಕ್ಷೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಮೇಜಿನ ಮೇಲಿರುವ ನಿಜವಾದ ಕಾಂತವನ್ನು ಅಳೆಯುವಾಗ ಇದಕ್ಕಿಂತ ದೊಡ್ಡ ದೋಷವೊಂದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ, ಮತ್ತು ನನ್ನ ಮಟ್ಟಿಗೆ ಈ ಪಾಠದಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಅದೇ. ಘನದ ಸೂತ್ರ ನಿಲ್ಲುವುದು ಕಾಂತದ ಉದ್ದ ದೂರಕ್ಕೆ ಹೋಲಿಸಿದರೆ ತೀರ ಸಣ್ಣದಾಗಿದ್ದಾಗ ಮಾತ್ರ. ನಿಮ್ಮ ಕಾಂತ 9.6 ಸೆಂ.ಮೀ. ಉದ್ದವಿದೆ ಎನ್ನೋಣ. ಧ್ರುವಗಳು ತುದಿಯಲ್ಲಿ ಇರದೆ ಸ್ವಲ್ಪ ಒಳಗೆ ಇರುತ್ತವೆ. ಅವುಗಳ ನಡುವಿನ ಅಂತರ ಕಾಂತದ ಉದ್ದದ ಸುಮಾರು ಆರರಲ್ಲಿ ಐದು ಪಾಲು, ಇಲ್ಲಿ 8 ಸೆಂ.ಮೀ. ಇದನ್ನು ಗಣನೆಗೆ ತೆಗೆದುಕೊಂಡ ಪೂರ್ಣ ಸೂತ್ರದಲ್ಲಿ, ದೂರದ ಘನದ ಅರ್ಧವನ್ನು ಬಳಸುವ ಬದಲು, ದೂರದ ವರ್ಗದಿಂದ ಅರ್ಧ ಅಂತರದ ವರ್ಗವನ್ನು ಕಳೆದು, ಬಂದುದನ್ನು ಮತ್ತೆ ವರ್ಗಿಸಿ, ದೂರದ ಎರಡರಷ್ಟರಿಂದ ಭಾಗಿಸುತ್ತೇವೆ. ಹಾಗೆ ಮಾಡಿದರೆ 1.60 ಇದ್ದದ್ದು 1.47ಕ್ಕೆ ಇಳಿಯುತ್ತದೆ. ವ್ಯತ್ಯಾಸ ಸುಮಾರು ಶೇ. 8, ಅಳತೆಯ ದೋಷವೇ ಶೇ. 5 ಇತ್ತು ಎಂಬುದನ್ನು ನೆನಪಿಡಿ.

ಸರಾಸರಿ ತೆಗೆದರೆ ಇದು ಹೋಗುವುದಿಲ್ಲ. ಸೂಜಿಗೆ ಜೋಡಿಸಿದ, ಕೋನ ತೋರಿಸುವ ಮುಳ್ಳಿನ ಎರಡೂ ತುದಿಗಳನ್ನು ಓದುವುದರಿಂದ ಮುಳ್ಳಿನ ತಿರುಗುಬಿಂದು ಡಿಗ್ರಿ ಗುರುತಿನ ವೃತ್ತದ ಕೇಂದ್ರದಲ್ಲಿ ಇಲ್ಲದ ದೋಷ ಕಳೆಯುತ್ತದೆ. ಕಾಂತವನ್ನು ಸಾಧನದ ಇನ್ನೊಂದು ಬದಿಯ ತೋಳಿಗೆ ಒಯ್ಯುವುದರಿಂದ ಅಳತೆಪಟ್ಟಿಯ ಸೊನ್ನೆ ಸೂಜಿಯ ನೇರಕ್ಕಿಲ್ಲದ ದೋಷ ಕಳೆಯುತ್ತದೆ. ಧ್ರುವ ತಿರುಗಿಸಿ ಎಂಟು ಓದುಗಳನ್ನು ತೆಗೆದುಕೊಂಡರೂ ಎಂಟೂ ಓದುಗಳಲ್ಲಿ ಕಾಂತದ ಉದ್ದ ಅಷ್ಟೇ, ಆದ್ದರಿಂದ ದೋಷವೂ ಅಷ್ಟೇ.

ಹಾಗಿದ್ದರೆ ಕಾಂತವನ್ನು ದೂರ ಸರಿಸಬಾರದೇ ಎಂದು ಅನ್ನಿಸುವುದು ಸಹಜ. 40 ಸೆಂ.ಮೀ.ಗೆ ಸರಿಸಿ ನೋಡೋಣ. ಗಿಡ್ಡ ಕಾಂತದ ಸೂತ್ರದ ತಪ್ಪು ಶೇ. 2ಕ್ಕೆ ಇಳಿಯುತ್ತದೆ, ಆದರೆ ವಿಚಲನೆಯೂ 7 ಡಿಗ್ರಿಯೊಳಕ್ಕೆ ಕುಸಿದು, ಅದೇ 1 ಡಿಗ್ರಿ ಈಗ ಶೇ. 15ರಷ್ಟು ದೋಷ ತರುತ್ತದೆ. ಆದ್ದರಿಂದ ಕಾಂತವನ್ನು ವಿಚಲನೆ 45ರ ಆಸುಪಾಸಿನಲ್ಲಿರುವ ಕಡೆಯೇ ಬಿಟ್ಟು, ಪೂರ್ಣ ಸೂತ್ರವನ್ನು ಬಳಸಿ. ಆಗ ದೂರದ ದೋಷ ಮೂರು ಪಟ್ಟಿನ ಬದಲು 3.17 ಪಟ್ಟಾಗುತ್ತದೆ, ಉತ್ತರವನ್ನು 1.47 ± 0.07 ಆಂಪಿಯರ್ ಚದರ ಮೀಟರ್ ಎಂದು ಬರೆಯಬಹುದು.