ಗಾಡಿ ನಿಂತರೆ ಡ್ರೈವರ್‌ಗೆ ರೆಸ್ಟ್ ಆಯ್ತಾ?

ಹುಬ್ಬಳ್ಳಿಯ ಲಾರಿ ಮಾಲೀಕರಿಗೆ ಅವರ ಡ್ರೈವರ್‌ಗಳ ಹಾಜರಿ, ಸಂಬಳ, ಓವರ್‌ಟೈಮ್ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಮೊನ್ನೆ ಒಬ್ಬ ಮಾಲೀಕರು ಬಂದು ಮೊಬೈಲ್‌ನಲ್ಲಿ ಜಿಪಿಎಸ್ ರಿಪೋರ್ಟ್ ತೋರಿಸಿದರು. ಕೆಂಪು ಚುಕ್ಕೆ ನೆಲಮಂಗಲದ ಹತ್ತಿರ ನಿಂತಿತ್ತು. "ನೋಡ್ರಿ ಸರ್, ಗಾಡಿ ನಾಲ್ಕು ತಾಸು ನಿಂತೈತಿ. ರೆಸ್ಟ್ ಆದಂಗಾತಲ್ಲ?"

ಆಗಲಿಲ್ಲ. ಎಷ್ಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೋ! ಜಿಪಿಎಸ್ ಇರುವುದು ಗಾಡಿಗೆ. ಆ ಹೊತ್ತಿನಲ್ಲಿ ಡ್ರೈವರ್ ಏನು ಮಾಡುತ್ತಿದ್ದ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಐದು ಗಂಟೆ ಕೆಲಸ ಆದಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು, ಇವತ್ತಿನ ಡ್ಯೂಟಿಗೂ ನಾಳೆಯ ಡ್ಯೂಟಿಗೂ ನಡುವೆ ಸತತ 9 ಗಂಟೆ, ಬಿಡುವೂ ಸೇರಿ ಇಡೀ ದಿನ 12 ಗಂಟೆ ಮೀರಬಾರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಈ ಲೆಕ್ಕ ಹಳೆಯ ಮಾಲೀಕರಿಗೆ ಬಾಯಿಪಾಠ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹಾಗಾಗಿ ಅಂಕಿಗಳನ್ನು ಇವತ್ತಿನ ನಿಯಮದ ಜೊತೆ ತಾಳೆ ನೋಡಿಯೇ ರಿಜಿಸ್ಟರ್ ಬರೆಯಿರಿ. ನಾನು ಹೇಳಹೊರಟ ವಿಷಯ ಮಾತ್ರ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ.

ಸ್ಟೀರಿಂಗ್ ಹಿಡಿದ ಹೊತ್ತಷ್ಟೇ ಕೆಲಸ ಅಲ್ಲ. ಲೋಡ್ ಮಾಡಿಸುವುದು, ಅನ್‌ಲೋಡ್, ಸಹಿ ಹಾಕುವುದು, ಹಣ ಕಟ್ಟುವುದು, ಎಲ್ಲವೂ ಕೆಲಸವೇ. ಗಾಡಿ ನಿಂತ ಹೊತ್ತನ್ನು ಓಟದ ಸಮಯದಿಂದ ಕಳೆಯಬೇಕಾದರೆ, ಆ ಹೊತ್ತು ಡ್ರೈವರ್ ತನಗೆ ಬೇಕಾದ ಹಾಗೆ ಕಳೆಯಲು ಸ್ವತಂತ್ರನಾಗಿರಬೇಕು. ಟರ್ಮಿನಲ್‌ನಲ್ಲಿ, ಅಂದರೆ ಗಾಡಿ ಹೊರಡುವ, ತಲುಪುವ ಜಾಗದಲ್ಲಿ, ಸುಮ್ನೆ ಹಾಜರಿರುವ ಹೊತ್ತಿನ ಬಗ್ಗೆ ಕಾನೂನಿನಲ್ಲಿ ಬೇರೊಂದು ಮಾತಿದೆ, ಅದರಲ್ಲಿ ವಾದಕ್ಕೆ ಜಾಗ ಇದೆ, ಒಪ್ಪುತ್ತೇನೆ. ಆದರೆ ಗೋಡೌನ್ ಮುಂದಿನ ಕ್ಯೂನಲ್ಲಿ ಗಾಡಿ ಮುಂದೆ ಸರಿಸುತ್ತಾ ಇರುವುದು ಸುಮ್ನೆ ಹಾಜರಿರುವುದಲ್ಲ.

ಒಮ್ಮೆ ಅಂಥ ಕ್ಯೂನಲ್ಲಿ ಡ್ರೈವರ್ ಪಕ್ಕ ನಾನೇ ಕೂತಿದ್ದೆ. ಗೋಡೌನ್ ಗೇಟಿನ ಮುಂದೆ ಹದಿನಾಲ್ಕು ಗಾಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಗಾಡಿ ಒಳಗೆ ಹೋಗುತ್ತಿತ್ತು. ಅಣ್ಣ ಸ್ಟೀರಿಂಗ್ ಮೇಲೆ ಎರಡೂ ಮೊಣಕೈ ಇಟ್ಟು ಹಣೆ ಊರಿದ. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಹಿಂದಿನವನ ಹಾರ್ನ್. ಸ್ಟಾರ್ಟ್ ಮಾಡಿ, ನಲವತ್ತು ಅಡಿ ಸರಿಸಿ, ಮತ್ತೆ ಹಣೆ ಊರಿದ. ನಾಲ್ಕು ಗಂಟೆ ಹೀಗೇ ನಡೆಯಿತು. ಆಮೇಲೆ ಟಾರ್ಪಾಲ್ ಬಿಚ್ಚಲು ಇಳಿದವನ ಕೈ ನಡುಗುತ್ತಿತ್ತು. ಹಗ್ಗದ ಗಂಟು ಮೂರು ಸಲ ಜಾರಿತು.

ಈಗ ಮೊನ್ನೆ ಬಂದ ಮಾಲೀಕರ ಡ್ರೈವರ್‌ನ ದಿನ ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ 7ಕ್ಕೆ ಹುಬ್ಬಳ್ಳಿಯಲ್ಲಿ ಲೋಡಿಂಗ್ ಶುರು. 10ಕ್ಕೆ ಹೊರಟು, ದಾವಣಗೆರೆ ಹತ್ತಿರ ಊಟ ಮಾಡಿ, ಸಂಜೆ 7ಕ್ಕೆ ನೆಲಮಂಗಲ. ರಾತ್ರಿ 11ರವರೆಗೆ ಕ್ಯೂ. ಮಾಲೀಕರ ಪ್ರಕಾರ ಎಂಟೂವರೆ ಗಂಟೆ ಓಡಿಸಿದ್ದಾನೆ, ಅಷ್ಟೇ. ನನ್ನ ಲೆಕ್ಕದಲ್ಲಿ 16 ಗಂಟೆಯ ದಿನ, ನಡುವೆ ಬಿಡುವು ಅಂತ ಸಿಕ್ಕಿದ್ದು ಊಟದ ಅರ್ಧ ಗಂಟೆ ಮಾತ್ರ. 11ರಿಂದ 9 ಗಂಟೆ ಎಣಿಸಿದರೆ ಬೆಳಗ್ಗೆ 8. ಪಾರ್ಟಿಯವರು, ಅಂದರೆ ಸರಕಿನ ಕಡೆಯವರು, ಐದಕ್ಕೇ ಫೋನ್ ಮಾಡಿ ವಾಪಸ್ ಲೋಡ್ ಇದೆ, ಬೇಗ ಬಾ ಅಂದಿದ್ದರು. ಅವನು ಹೋಗಿದ್ದ. 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 50 ಮೀಟರ್ ಹೋಗಿರುತ್ತದೆ. ಹಿಂದೆ ಹತ್ತಾರು ಟನ್ ಲೋಡ್ ಇರುತ್ತದೆ, ನೆನಪಿರಲಿ.

ಈಗ ಇನ್ನೊಂದು ಶುರುವಾಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಸರಕು ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ ಆಯ್ತು, ಬೇಸಿಗೆಯಲ್ಲಿ ಆ ಕ್ಯಾಬಿನ್ ಒಲೆ ಇದ್ದ ಹಾಗೆ ಇರುತ್ತಿತ್ತು. ಆದರೆ "ಎಸಿ ಐತಲ್ರೀ, ಅಲ್ಲೇ ರೆಸ್ಟ್ ತಗೋತಾನ" ಅಂತಾರೆ. ತಂಪಾದ ಕ್ಯಾಬಿನ್‌ನಲ್ಲಿ ಕೂತು ಕ್ಯೂ ಕಾಯುವುದೂ ಕಾಯುವುದೇ ಅಲ್ವಾ?

ನಾನು ಮಾಲೀಕರನ್ನು ಕೇಳುವುದು ಒಂದೇ. ಆ ಹೊತ್ತಿನಲ್ಲಿ ಕೀ ಯಾರ ಹತ್ತಿರ ಇತ್ತು? ಡ್ರೈವರ್ ಹತ್ತಿರವೇ ಇದ್ದು, ಕರೆದ ತಕ್ಷಣ ಅವನು ಏಳಬೇಕಿದ್ದರೆ, ಅದನ್ನು ರೆಸ್ಟ್ ಅಂತ ಬರೆಯಬೇಡಿ. ಕಾನೂನಿನಲ್ಲಿ ಕೀ ಅನ್ನುವ ಮಾತಿಲ್ಲ, ಇದು ನನ್ನ ಅಂದಾಜಿನ ಅಳತೆ. ಎಲ್ಲ ಕೇಸಿಗೂ ಹೊಂದುತ್ತದೆ ಅನ್ನಲಾರೆ. ಲೈಸೆನ್ಸ್ ಇರುವ ಇನ್ನೊಬ್ಬನನ್ನು ಕ್ಯೂಗೆ ನಿಲ್ಲಿಸಿ. ಆಗದಿದ್ದರೆ ಟೋಕನ್ ಕೊಡಿಸಿ. ಪಾರ್ಟಿ ಜೊತೆ ಹಾಲ್ಟಿಂಗ್ ಚಾರ್ಜ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡಬೇಕಾದ ದುಡ್ಡು, ಮೊದಲೇ ಮಾತಾಡಿ. ದುಡ್ಡು ಕಟ್ಟಬೇಕು ಅಂದಾಗ ಗೇಟು ಬೇಗ ತೆರೆಯುವುದನ್ನು ನಾನೇ ಕಂಡಿದ್ದೇನೆ.

ಹಾವೇರಿಯ ಒಬ್ಬ ಮಾಲೀಕರು ಟ್ರಿಪ್ ಶೀಟ್‌ನಲ್ಲಿ ಇದಕ್ಕೆ ಒಂದು ಕಾಲಂ ಹಾಕಿಸಿದ್ದಾರೆ. ಹೋದ ವಾರ ಅವರ ಫೈಲ್ ನೋಡುತ್ತಿದ್ದೆ. ಡೀಸೆಲ್ ಕಲೆ ಹತ್ತಿದ ಹಾಳೆ, ಸೊಟ್ಟ ಅಕ್ಷರ. "ಕೀ ಕೊಟ್ಟೆ 7.20. ಮಲಗಿದೆ. ಎದ್ದೆ 4.40."